ನೆಟ್ಟಗೆ ನಡೆಯದ ಹೆಣಗಳು

"ಸತ್ತ ದನ ತಿಂದು ಬೆಳ್ದ ಜಾತಿ, ಸತ್ತೋರಂಗೆ ನಡಿಯಕ್ ಬರಕಿಲ್ವೇನ್ರಲಾ ಬೋಳಿಮಕ್ಳಾ?"

ಪುಟ್ಟಬಸಪ್ಪ ಹೊಂಗೆ ಮರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತೇ ಕೂಗಿದ. ಕ್ಯಾಮೆರಾದವರು ನಕ್ಕರು. ಅವನಿಗೆ ಛತ್ರಿ ಹಿಡಿದಿದ್ದವನೂ ನಕ್ಕ. ಸುಡು ಬಿಸಿಲಿನಲ್ಲಿ ಮುಖಕ್ಕೆ ಅಕ್ಕಿಹಿಟ್ಟು, ಕಣ್ಣಿನ ಸುತ್ತ ಕಾಡಿಗೆ, ಗಲ್ಲದಿಂದ ಎದೆಯವರೆಗೆ ಬೆಲ್ಲದ ಪಾಕದ ರಕ್ತ ಬಳಿಸಿಕೊಂಡು ನಿಂತಿದ್ದ ಕಾಲೋನಿಯ ಹೆಣಗಳು ಮಾತ್ರ ನಗಲಿಲ್ಲ. ನಕ್ಕರೆ ಹಿಟ್ಟು ಬಿರುಕು ಬಿಡುತ್ತದೆ ಎಂದು ಬೆಳಿಗ್ಗೆಯೇ ತಾಕೀತಾಗಿತ್ತು. ನಗು ಬರುವ ಮಾತೂ ಅದಾಗಿರಲಿಲ್ಲ.

"ಕಟ್, ಕಟ್!" ಡೈರೆಕ್ಟರ್ ನಟರಾಜು ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. "ಜೋಂಬಿ ಅಂದ್ರೆ ಏನು ಅಂತ ಬೆಳಿಗ್ಗೆಯಿಂದ ಬಡ್ಕೋತಾ ಇದೀನಲ್ರೀ. ಅದಕ್ಕೆ ಭಯ ಇಲ್ಲ, ನಾಚ್ಕೆ ಇಲ್ಲ, ನೆನಪಿಲ್ಲ. ಎದುರಿಗೆ ಏನಿದ್ರೂ ತುಳ್ಕೊಂಡು ನೆಟ್ಟಗೆ ಬರುತ್ತೆ. ನೀವು ನಡು ಮೈದಾನದಲ್ಲಿ ಯಾಕೆ ಸೊಟ್ಟ ಹೋಗ್ತೀರಾ? ಅಲ್ಲೇನು ಗುಂಡಿ ಇದ್ಯಾ? ಕಲ್ಲಿದ್ಯಾ?"

"ಏನೂ ಇಲ್ಲ ಸಾ," ಎಂದ ಮುತ್ತಯ್ಯ. ಹೆಣಗಳಲ್ಲೆಲ್ಲ ಹಿರಿಯ ಅವನೇ.

"ಮತ್ತೆ?"

"ಕಾಲು ಅಂಗೇ ಓಯ್ತದೆ ಸಾ."

ಮುತ್ತಯ್ಯನ ಪಕ್ಕದಲ್ಲಿದ್ದ ದೊಡ್ಡಮಾದಮ್ಮ ನೆಲ ನೋಡಿದಳು. ಡೈರೆಕ್ಟರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಒಣಗಿದ ಗರಿಕೆ, ಆಡಿನ ಹಿಕ್ಕೆ, ಸಿನಿಮಾದವರು ನೆಟ್ಟ ಥರ್ಮೋಕೋಲಿನ ಶಿಲುಬೆಗಳು. ಅಂಗೈಯಂಥ ಮಟ್ಟಸ ನೆಲ. ಆದರೆ ಅವಳು ನಿಂತಲ್ಲಿಂದ ನಾಲ್ಕು ಮಾರು ಮುಂದೆ, ಹುತ್ತದ ಎಡಕ್ಕೆ, ಅವಳ ಮಗ ನಿಂಗರಾಜು ಮಲಗಿದ್ದ. ಹೆತ್ತ ಮಗನ ಎದೆಯ ಮೇಲೆ ಕಾಲಿಟ್ಟು ಯಾವ ತಾಯಿ ನೆಟ್ಟಗೆ ನಡೆದಾಳು?

ಕಾಮಗೆರೆ ದಾಟಿ ಹನೂರಿನ ದಾರಿಯಲ್ಲಿ ಬಲಕ್ಕೆ ಒಳಹೊಕ್ಕರೆ ಸಿಗುವ ಆ ಊರಿನಲ್ಲಿ ಕಾಲೋನಿಯವರು ತಮ್ಮ ಸತ್ತವರನ್ನು ಅಜ್ಜ ಮುತ್ತಜ್ಜನ ಕಾಲದಿಂದ ಹೂಳುತ್ತಿದ್ದುದು ಅಲ್ಲೇ. ಬದುಕಿದ್ದಾಗ ಊರಿನ ನಡುವೆ ಜಾಗವಿಲ್ಲದವರಿಗೆ ಸತ್ತ ಮೇಲೆ ಊರ ಹೊರಗಿನ ಈ ಹೊಂಗೆ ತೋಪಿನ ಮಗ್ಗುಲು ದಕ್ಕಿತ್ತು. ಪಕ್ಕದ ಜಮೀನು ಪುಟ್ಟಬಸಪ್ಪನದು. ಅದರಾಚೆಯ ಕರಿಕಲ್ಲು ಕ್ವಾರಿಯೂ ಅವನದೇ. ನಿಂಗರಾಜು ಸತ್ತದ್ದು ಆ ಕ್ವಾರಿಯಲ್ಲಿ, ಸಿಡಿಮದ್ದಿನ ಕೇಪು ಸಿಡಿದು ಬಂಡೆ ಜಾರಿದಾಗ. ಕುಡಿದು ಬಂದಿದ್ದ ಎಂದು ಪುಟ್ಟಬಸಪ್ಪ ಬರೆಸಿದ. ಅವನು ಬರೆಸಿದ್ದೇ ಬರಹವಾಯಿತು. ಮಗನನ್ನು ಮಣ್ಣು ಮಾಡಿ, ಹಾಲುತುಪ್ಪ ಬಿಟ್ಟು, ತಲೆಯ ಕಡೆ ಕ್ವಾರಿಯದೇ ಒಂದು ಕರಿಕಲ್ಲು ನೆಟ್ಟು ದೊಡ್ಡಮಾದಮ್ಮ ಸುಮ್ಮನಾದಳು. ಪಿತೃಪಕ್ಷದಲ್ಲಿ ಅಲ್ಲಿಗೆ ಎಡೆ ಒಯ್ದಿಡುತ್ತಿದ್ದಳು. ಮುದ್ದೆ, ಕರಿಮೀನು ಸಾರು, ಒಂದು ಕಟ್ಟು ಬೀಡಿ. ಬೀಡಿ ಇಡುವಾಗೆಲ್ಲ ಬಯ್ಯುತ್ತಲೇ ಇಡುತ್ತಿದ್ದಳು.

ಹೋದ ಸುಗ್ಗಿಯಲ್ಲಿ ಕಾಲೋನಿಗೆ ಕಾಲೋನಿಯೇ ಕಾಫಿ ಬಿಡಿಸಲು ಕೊಡಗಿಗೆ ಹೋಗಿತ್ತು. ತಿರುಗಿ ಬಂದಾಗ ಸಮಾಧಿಯ ಗುಡ್ಡೆಯೂ ಇಲ್ಲ, ಕಲ್ಲೂ ಇಲ್ಲ. ಜೆಸಿಬಿ ಓಡಾಡಿದ ಹಲ್ಲಿನ ಗುರುತಷ್ಟೇ ಇತ್ತು. ಕೇಳಲು ಹೋದವರನ್ನು ಪುಟ್ಟಬಸಪ್ಪ ಜಗಲಿಯ ಕೆಳಗೇ ನಿಲ್ಲಿಸಿದ. "ನಮ್ ಜಮೀನಲ್ಲಿ ಎಲ್ಲವ್ಲಾ ನಿಮ್ ಗುಡ್ಡೆ? ಕನ್ಸೇನಾರ ಬಿತ್ತಾ? ಇದ್ರೆ ತೋರ್ಸ್ರಲಾ," ಎಂದ. ಅರ್ಜಿ ಕೊಟ್ಟ ಮೇಲೆ ಸರ್ವೆಯವರು ಬಂದರು. ಪುಟ್ಟಬಸಪ್ಪನ ಮನೆಯಲ್ಲಿ ಉಂಡು, ತೇಗುತ್ತ ಬಂದು, ಟೇಪು ಎಳೆದರು. "ಗುಡ್ಡೆ ಇಲ್ಲ, ಕಲ್ಲಿಲ್ಲ, ಏನೂ ಗುರುತೇ ಇಲ್ವಲ್ಲಮ್ಮ. ಬಾಯಿ ಮಾತಿಗೆ ಸ್ಮಶಾನ ಅಂತ ಬರೆಯೋಕಾಗುತ್ತಾ?" ಎಂದರು. ಬರುವ ಸೋಮವಾರ ತಹಸೀಲ್ದಾರರೇ ಖುದ್ದು ಬಂದು ನೋಡಿ ತೀರ್ಮಾನ ಮಾಡುತ್ತಾರೆಂದು ಸುದ್ದಿ ಬಂದಿತ್ತು.

ಅಷ್ಟರಲ್ಲಿ ಈ ಸಿನಿಮಾ ವಕ್ಕರಿಸಿತು.

ನಟರಾಜುವಿಗೆ, ಕಾಸಿಲ್ಲದೆ ತೆಗೆದ ಹಳೆಯ ದೆವ್ವದ ಸಿನಿಮಾಗಳೆಂದರೆ ಪ್ರಾಣ. ರಬ್ಬರಿನ ಕೈ, ಟೊಮ್ಯಾಟೊ ರಸದ ರಕ್ತ, ದಾರ ಕಾಣುವ ಬಾವಲಿ, ಅವೆಲ್ಲ ಅವನ ಕಣ್ಣಿಗೆ ದೇವರು. ಕ್ವಾರಿಯ ಸಿಡಿಮದ್ದಿಗೆ ಹೆಣಗಳೆಲ್ಲ ಎಚ್ಚೆತ್ತು ಊರನ್ನೇ ತಿಂದುಹಾಕುವ ಕಥೆಯನ್ನು ಹಾಗೇ ತೆಗೆಯಬೇಕೆಂದು ಹೊರಟಿದ್ದ. ರಾತ್ರಿ ಶೂಟಿಂಗಿಗೆ ಲೈಟು ತರುವ ಶಕ್ತಿ ಇರಲಿಲ್ಲ. ಹಾಗಾಗಿ ಹಗಲಲ್ಲೇ ತೆಗೆದು ಆಮೇಲೆ ನೀಲಿ ಬಣ್ಣ ಬಳಿದು ರಾತ್ರಿ ಮಾಡುತ್ತೇನೆಂದಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವಂತೆ ಮೇಲಿಂದ ಹಾರುವ ಕ್ಯಾಮೆರಾ ಒಂದಿತ್ತು. ಕೊಳ್ಳೇಗಾಲದ ಮದುವೆ ಫೋಟೋದವನಿಂದ ಎರವಲು ತಂದದ್ದು. ಜಾಗ ಕೊಟ್ಟವನು ಪುಟ್ಟಬಸಪ್ಪ. ಹೆಣಗಳನ್ನು ಒದಗಿಸಿದವನೂ ಅವನೇ. ನಿಜವಾದ ಸ್ಮಶಾನವೊಂದರ ಮೇಲೆ ಥರ್ಮೋಕೋಲಿನ ಸ್ಮಶಾನ ಎದ್ದು ನಿಂತಿದೆ ಎಂದು ನಟರಾಜುವಿಗೆ ಯಾರೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

"ಇನ್ನೊಂದ್ ಸಲ!" ಎಂದ ಅವನು. "ಸತ್ತು ಹೋಗಿದೀರಾ ಅನ್ಕೊಳ್ಳಿ. ಆಕ್ಷನ್!"

ಹೆಣಗಳು ನಡೆದವು. ಕೈ ಚಾಚಿ, ಕತ್ತು ಸೊಟ್ಟ ಮಾಡಿ, ಹೇಳಿಕೊಟ್ಟ ಹಾಗೆ ನರಳುತ್ತ ನಡೆದವು. ಮುತ್ತಯ್ಯ ತನ್ನ ಅವ್ವನ ಬಳಿ ಬಂದಾಗ ಎಡಕ್ಕೆ ಜರುಗಿದ, ಹೆಂಡತಿಯ ಬಳಿ ಬಂದಾಗ ಬಲಕ್ಕೆ ಜರುಗಿದ. ಸೊಸೆಯ ವಯಸ್ಸಿನ ಪ್ರೇಮಾ ತನ್ನ ಹಾಲುಗೂಸನ್ನು ಮುಚ್ಚಿದ ಜಾಗದ ಹತ್ತಿರ ಅರೆಗಳಿಗೆ ನಿಂತು, ಆಮೇಲೆ ದೂರದಿಂದಲೇ ಬಳಸಿ ಬಂದಳು. ದೊಡ್ಡಮಾದಮ್ಮ ಕಣ್ಣು ಮುಚ್ಚಿಕೊಂಡಾದರೂ ನಡೆಯೋಣವೆಂದು ನೋಡಿದಳು. ಕಣ್ಣು ಮುಚ್ಚಿದರೂ ಕಾಲು ಹುತ್ತದ ಎಡಕ್ಕೆ ಹೋಗಲೊಪ್ಪಲಿಲ್ಲ.

"ಕಟ್! ಥೂ!"

ಆಗಲೇ ರಸ್ತೆಯ ಕಡೆಯಿಂದ ಗಡಗಡ ಸದ್ದಾಯಿತು. ಹಳದಿ ಜೆಸಿಬಿಯೊಂದು ಬೇಲಿ ಮುರಿದ ಜಾಗದಿಂದ ಒಳಗೆ ಬಂದು ಬಕೆಟ್ಟು ಇಳಿಸಿ ನಿಂತಿತು.

"ಇದ್ಯಾಕೆ ಬಂತು ಸಾ?" ಎಂದಳು ದೊಡ್ಡಮಾದಮ್ಮ.

"ಊಟ ಆದ್ಮೇಲೆ ಗುಂಡಿ ತೆಗೆಯೋಕಮ್ಮ. ಹೆಣ ಗುಂಡಿಯಿಂದ ಎದ್ದು ಬರ್ಬೇಕಲ್ಲ. ಬಸಪ್ಪನವರೇ ಪಾಪ, ಎಷ್ಟು ಬೇಕಾದ್ರೂ ಆಳಕ್ಕೆ ತೆಗೀರಿ, ನಂದೇ ಜಾಗ ಅಂದ್ರು."

ದೊಡ್ಡಮಾದಮ್ಮ ಜೆಸಿಬಿಯ ಹಲ್ಲು ನೋಡಿದಳು. ಮೇಲಿನ ಗುಡ್ಡೆಯನ್ನು ಪುಟ್ಟಬಸಪ್ಪ ಸುಗ್ಗಿಯಲ್ಲೇ ಕೆರೆದಿದ್ದ. ಒಳಗಿನ ಮೂಳೆ ಉಳಿದಿತ್ತು. ಅದನ್ನೂ ಈಗ ಸಿನಿಮಾದ ನೆಪದಲ್ಲಿ ಅಗೆದು ಕ್ವಾರಿಯ ಗುಂಡಿಗೆ ಸುರಿದರೆ ಸೋಮವಾರ ತಹಸೀಲ್ದಾರರಿಗೆ ತೋರಿಸಲು ಏನುಳಿಯುತ್ತದೆ? ಅವಳು ಹೊಂಗೆ ಮರದ ಕಡೆ ನೋಡಿದಳು. ಪುಟ್ಟಬಸಪ್ಪ ಎಳನೀರು ಹೀರುತ್ತ ಅವಳನ್ನೇ ನೋಡುತ್ತಿದ್ದ.

ಊಟಕ್ಕೆ ಬಿಟ್ಟರು. ಸಿನಿಮಾದವರಿಗೆ ಶಾಮಿಯಾನದಡಿ, ಹೆಣಗಳಿಗೆ ಬೇಲಿ ಸಾಲಿನಲ್ಲಿ. ಪುಟ್ಟಬಸಪ್ಪನ ಆಳು ಎತ್ತರದಿಂದ ಎಲೆಗೆ ಅನ್ನ ಬಿಸಾಕುತ್ತ ಬಂದ. ನೀರು ಕೇಳಿದರೆ ಬೊಗಸೆ ಒಡ್ಡಿ ಎಂದ. ಬೊಗಸೆಯ ನೀರು ಗಲ್ಲದ ಪಾಕಕ್ಕೆ ತಾಗಿ ಕೆಂಪಾಗಿ ಅನ್ನದ ಮೇಲೆ ತೊಟ್ಟಿಕ್ಕಿತು. ನೊಣ ಓಡಿಸಲು ಒಂದು ಕೈ, ಉಣ್ಣಲು ಒಂದು ಕೈ.

"ಮಾದಕ್ಕ, ಕೂಸಿನ್ ಮೇಲೂ ಜೆಸಿಬಿ ಬುಡ್ತಾರಾ?" ಎಂದು ಪ್ರೇಮಾ ಮೆಲ್ಲಗೆ ಕೇಳಿದಳು. ಅನ್ನ ಮುಟ್ಟಿರಲಿಲ್ಲ.

"ಉಣ್ಣು ಮೊದ್ಲು," ಎಂದಳು ದೊಡ್ಡಮಾದಮ್ಮ. ತಾನೂ ಉಂಡಿರಲಿಲ್ಲ.

ಹಾರುವ ಕ್ಯಾಮೆರಾ ನೋಡಿಕೊಳ್ಳುತ್ತಿದ್ದ ಹುಡುಗಿ ಸಿಂಧು ಕೈಯಲ್ಲಿ ಪರದೆಯೊಂದನ್ನು ಹಿಡಿದು ಅವರಿದ್ದಲ್ಲಿಗೇ ಬಂದಳು. ಅವಳ ಹಿಂದೆ ನಟರಾಜುವೂ ಬಂದ. "ಅಮ್ಮಾ, ಇದನ್ನ ನೋಡಿ. ಬೆಳಿಗ್ಗೆಯಿಂದ ತೆಗೆದಿದ್ದು. ಒಂದೊಂದು ಟೇಕಲ್ಲೂ ನೀವೆಲ್ಲ ಅದೇ ಅದೇ ಜಾಗದಲ್ಲಿ ಬಳಸಿ ಹೋಗ್ತೀರಾ. ಯಾರು ಹೇಳ್ಕೊಟ್ರು ಇದನ್ನ?"

ದೊಡ್ಡಮಾದಮ್ಮ ಎಡಗೈ ಸೆರಗಿಗೆ ಒರೆಸಿಕೊಂಡು ಬಗ್ಗಿ ನೋಡಿದಳು. ಹದ್ದು ನೋಡುವ ಹಾಗೆ ಮೇಲಿಂದ ಇಡೀ ಬಯಲು ಕಾಣುತ್ತಿತ್ತು. ಹೊಂಗೆ ಮರ, ಹುತ್ತ, ಬೇಲಿ. ಗೆದ್ದಲಿನಷ್ಟು ಸಣ್ಣಗಾಗಿ ಅವಳ ಜನ ಬೆಳ್ಳಗೆ ಸಾಲಿಟ್ಟು ಬರುತ್ತಿದ್ದರು. ಬಂದವರು ಅಲ್ಲಿ ಒಡೆದು ಇಲ್ಲಿ ಕೂಡಿಕೊಂಡು, ಮತ್ತೆ ಒಡೆದು ಮತ್ತೆ ಕೂಡಿಕೊಂಡು ನಡೆಯುತ್ತಿದ್ದರು. ಅವರು ಕಾಲಿಡದೆ ಬಿಟ್ಟ ಜಾಗಗಳು ಒಂದೊಂದೂ ಆಳುದ್ದ ಇದ್ದವು. ಒಂದು ಮಾತ್ರ ಮೊಳದುದ್ದ.

"ಇದು ನಮ್ಮವ್ವ," ಎಂದು ಮುತ್ತಯ್ಯ ಎಂಜಲು ಬೆರಳನ್ನು ಪರದೆಗೆ ತಾಗಿಸದೆ ತೋರಿಸಿದ. "ಇದು ನಮ್ಮೆಂಗ್ಸು. ಇದು ಅಲ್ ಕುಂತವ್ನಲ್ಲ ನಾಗರಾಜ, ಅವ್ನಪ್ಪ. ಅಗೋ ಹುತ್ತದ್ ಮಗ್ಗುಲಲ್ಲಿ ಈ ಮಾದಮ್ಮನ್ ಮಗ."

"ಅಂದ್ರೆ?" ಸಿಂಧು ಪರದೆಯನ್ನು ಹತ್ತಿರ ಎಳೆದುಕೊಂಡಳು. "ಅಲ್ಲಿ ನಿಜವಾಗ್ಲೂ..."

"ನಿಜ್ವಾಗ್ಲೂ ಕಣವ್ವ," ಎಂದಳು ದೊಡ್ಡಮಾದಮ್ಮ. "ಗುರ್ತಿಲ್ಲ ಅಂದ್ರು ಸರ್ವೇರು. ನೋಡು, ಎಂಗ್ ಕಾಣ್ತಾವೆ."

ಸುಗ್ಗಿಯಿಂದ ಈಚೆಗೆ ಮಗ ಎಲ್ಲಿ ಮಲಗಿದ್ದಾನೆ ಎನ್ನುವುದು ತನ್ನ ಮನಸ್ಸಿನಲ್ಲಷ್ಟೇ ಉಳಿದಿದೆ, ತಾನು ಸತ್ತರೆ ಅದೂ ಹೋಯಿತು ಎಂದು ಎಷ್ಟೋ ಸಲ ಅತ್ತಿದ್ದಳು. ಈಗ ಮತ್ತೊಬ್ಬರ ಕಣ್ಣಿಗೂ ಕಂಡಿತಲ್ಲ. ಅವಳಿಗೆ ಸಂತೋಷವೇ ಆಯಿತು.

ಅದೇ ಅವಳು ಮಾಡಿದ ತಪ್ಪು. ಬೆನ್ನ ಹಿಂದೆ ಪುಟ್ಟಬಸಪ್ಪ ಬಂದು ನಿಂತದ್ದು ಗೊತ್ತಾಗಲಿಲ್ಲ.

ಅವನು ಪರದೆಯನ್ನು ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ನಟರಾಜುವಿನ ಹೆಗಲ ಮೇಲೆ ಕೈ ಹಾಕಿ, "ಡೈರೆಕ್ಟರ್ರೆ, ಇದೆಲ್ಲ ಅಳಿಸಾಕಿ," ಎಂದ. "ಈ ಮುಂಡೇವು ಬೇಕೂಂತ್ಲೆ ಸೊಟ್ಟ ನಡೀತವೆ. ನಾನ್ ನಡೆಸ್ತೀನಿ ನೆಟ್ಟಗೆ. ಅದನ್ನ ತಕಳಿ. ಆಮೇಲೆ ಗುಂಡಿ ತೋಡ್ಸಿ. ಇಲ್ವೋ, ನಿಮ್ ಗಾಡಿ ಕಟ್ಕಂಡು ಈಗ್ಲೇ ಓಯ್ತಾ ಇರಿ."

"ಅಲ್ಲ ಸಾರ್, ಇಲ್ಲಿ ಹೂತಿರೋದು ನಿಜ ಆದ್ರೆ..." ಎಂದಳು ಸಿಂಧು.

"ಸಿಂಧು, ನೀನು ಸುಮ್ನಿರು," ಎಂದ ನಟರಾಜು. ಅವನ ಕಣ್ಣು ಪುಟ್ಟಬಸಪ್ಪನ ಮೇಲೂ ಇರಲಿಲ್ಲ, ದೊಡ್ಡಮಾದಮ್ಮನ ಮೇಲೂ ಇರಲಿಲ್ಲ. "ಇವತ್ತೊಂದಿನ ಮುಗ್ಸೋಣ. ಊರಿನ ರಾಜಕೀಯ ನಮಗ್ಯಾಕೆ?" ಸತ್ತವರು ಏಳುವ ಸಿನಿಮಾ ತೆಗೆಯಲು ಬಂದವನಿಗೆ ಸತ್ತವರ ಗೊಡವೆ ಬೇಡವಾಯಿತು.

ಊಟದ ಎಲೆ ಎತ್ತುವ ಮೊದಲೇ ಎಬ್ಬಿಸಿ ಸಾಲು ನಿಲ್ಲಿಸಿದರು. ಪುಟ್ಟಬಸಪ್ಪ ಛತ್ರಿಯವನನ್ನು ಅತ್ತ ತಳ್ಳಿ, ಪಂಚೆ ಎತ್ತಿ ಕಟ್ಟಿ, ಬಯಲಿನ ನಡುವೆ ನಡೆದ. ಹುತ್ತದ ಎಡಕ್ಕೆ ಬಂದು ನಿಂತ. ಚಪ್ಪಲಿ ಮೆಟ್ಟಿಕೊಂಡೇ ನಿಂತ. ಒಂದು ಕಾಲಿನಿಂದ ನೆಲವನ್ನು ಎರಡು ಸಲ ಗುದ್ದಿ, ಗಟ್ಟಿ ಇದೆಯೇ ಎಂದು ನೋಡುವವನ ಹಾಗೆ ಕತ್ತು ಬಾಗಿಸಿದ.

"ಲೇ ದೊಡ್ಮಾದಿ! ನೀನೇ ಮುಂದ್ಕೆ ನಡಿ. ನೆಟ್ಟಗೆ ನನ್ ತಾವ್ಕೆ ಬಾ. ಸೊಟ್ಟ ಓದ್ಯೋ, ನಾಳಿಂದ ನಿಮ್ ಕಾಲೋನಿವ್ರು ಯಾವ್ ನನ್ ಮಗ್ನೂ ನಮ್ ಕ್ವಾರಿ ಕಡೆ ತಲೆ ಆಕಂಗಿಲ್ಲ."

ಕಾಲೋನಿಯಲ್ಲಿ ಕ್ವಾರಿಯ ಕೂಲಿಯಿಲ್ಲದೆ ಒಲೆ ಹತ್ತುವ ಮನೆ ಒಂದೋ ಎರಡೋ. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ರೋಲಿಂಗ್," ಎಂದ ನಟರಾಜು. "ಆಕ್ಷನ್."

ದೊಡ್ಡಮಾದಮ್ಮ ನಡೆದಳು. ಕೈ ಚಾಚಲಿಲ್ಲ, ನರಳಲಿಲ್ಲ. ಹೊಲಕ್ಕೆ ಬುತ್ತಿ ಒಯ್ಯುವವಳ ಹಾಗೆ ನೆಟ್ಟಗೆ ನಡೆದಳು. ಅವಳ ಹಿಂದೆ ಉಳಿದವರೂ ಹೊರಟರು. ಮಗನ ಕಾಲಿನ ತುದಿ ಎಲ್ಲಿದೆಯೋ ಅಲ್ಲಿಗೆ ಬಂದು ಅವಳು ನಿಂತಳು. ಅವಳಿಗೂ ಪುಟ್ಟಬಸಪ್ಪನಿಗೂ ನಡುವೆ ನಿಂಗರಾಜು ಇದ್ದ.

"ಕಾಲ್ ತೆಗೀರಿ ಬುದ್ಧಿ," ಎಂದಳು.

"ಯಾಕ?"

"ಕೂಸವ್ನೆ."

"ಯಾರ್ಲಾ ಅವ್ನು ಇಲ್ಲಿ?" ಪುಟ್ಟಬಸಪ್ಪ ಬಗ್ಗಿ ನೆಲಕ್ಕೆ ಬಾಯಿ ಹಚ್ಚಿದವನಂತೆ ಕೂಗಿದ. "ಲೇ ನಿಂಗ! ನಿಮ್ಮವ್ವ ಕರೀತಾವ್ಳೆ, ಎದ್ದು ಬಾರ್ಲಾ! ಕುಡ್ದು ಮನಿಕ್ಕಂಡಿದ್ದೀಯೇನ್ಲಾ ಇನ್ನೂವೆ?"

ಛತ್ರಿಯವನು ಈ ಸಲ ನಗಲಿಲ್ಲ.

ನಿಂಗರಾಜುವಿನ ಎದೆಯಿಂದ ಬಂಡೆ ಸರಿಸಿದ ದಿನ ನೋಡಿದ್ದು ದೊಡ್ಡಮಾದಮ್ಮನ ಕಣ್ಣಿಗೆ ಕಟ್ಟಿತು. ಎದೆ ಅನ್ನುವುದೇ ಉಳಿದಿರಲಿಲ್ಲ. ಅದರ ಮೇಲೆ ಈಗ ಇವನ ಚಪ್ಪಲಿ. ಅವಳು ಕುಕ್ಕರುಗಾಲಿನಲ್ಲಿ ಕೂತು ಮುಂದಕ್ಕೆ ಬಾಗಿದಳು. ಪಾಕದಿಂದ ಅಂಟಂಟಾಗಿದ್ದ ಎರಡೂ ಕೈಯಿಂದ ಪುಟ್ಟಬಸಪ್ಪನ ಹಿಮ್ಮಡಿ ಹಿಡಿದಳು. ಸಸಿ ತುಳಿದ ದನದ ಗೊರಸನ್ನು ಎತ್ತಿ ಆಚೆ ಇಡುವ ಹಾಗೆ ಎತ್ತಿದಳು.

"ಮುಟ್ಬುಟ್ಳಲ್ಲೋ ಲೌಡಿ!" ಎಂದು ಕೂಗಿದವನು ಒಂಟಿ ಕಾಲಲ್ಲಿ ಕುಂಟಿ, ಹಿಂದಕ್ಕೆ ಬಿದ್ದ. ಬಿದ್ದಲ್ಲೊಂದು ಥರ್ಮೋಕೋಲಿನ ಶಿಲುಬೆ ಲಟಕ್ಕೆಂದು ಮುರಿಯಿತು. ಹಿಮ್ಮಡಿಯ ಸುತ್ತ ಹತ್ತೂ ಬೆರಳು ಕೆಂಪಗೆ ಮೂಡಿದ್ದವು.

ಹೆಣಗಳಲ್ಲಿ ಯಾರೋ ಕಿಸಕ್ಕೆಂದರು. ಬಹುಶಃ ಪ್ರೇಮಾ. ಬೆಳಿಗ್ಗೆಯಿಂದ ಕಾಪಾಡಿದ್ದ ಹಿಟ್ಟು ಒಂದು ಮುಖದಲ್ಲಿ ಬಿರುಕು ಬಿಟ್ಟಿತು.

"ಕಟ್! ಬಸಪ್ಪನವರೇ, ಪೆಟ್ಟಾಯ್ತಾ? ಬಿಡಿ, ನಡೆಯೋ ಶಾಟೇ ಬೇಡ," ಎಂದು ನಟರಾಜು ಓಡಿ ಬಂದು ಎಬ್ಬಿಸಿದ. ಜಗಳ ಹತ್ತಿದರೆ ಸಿನಿಮಾ ಕೆಡುತ್ತದೆಂದು ಕೈ ಮುಗಿದ. "ಏಳೋ ಸೀನ್ ಮಾಡಿಬಿಡೋಣ. ಎಲ್ರೂ ಚೆಲ್ಲಾಪಿಲ್ಲಿಯಾಗಿ ಮಲ್ಕೊಳ್ಳಿ, ಮೇಲೆ ಸ್ವಲ್ಪ ಮಣ್ಣು ಎರಚ್ತೀವಿ. ಆಕ್ಷನ್ ಅಂದಾಗ ಮಣ್ಣು ಕೊಡವಿಕೊಂಡು ಎದ್ದು ಆಚೆ ನಡೀರಿ. ನೀವು ಖಾಲಿ ಮಾಡಿದ ತಕ್ಷಣ ಜೆಸಿಬಿ ಗುಂಡಿ ತೆಗೆಯುತ್ತೆ, ಖಾಲಿ ಗುಂಡಿ ಬೇರೆಯಾಗಿ ತಕ್ಕೋತೀವಿ. ಅಷ್ಟೇ, ಪ್ಯಾಕಪ್."

ನೀವು ಖಾಲಿ ಮಾಡಿದ ತಕ್ಷಣ. ಆ ಮಾತು ದೊಡ್ಡಮಾದಮ್ಮನ ಕಿವಿಗೆ ಬಿತ್ತು. ಅವಳು ಮುತ್ತಯ್ಯನ ಕಡೆ ನೋಡಿದಳು. ಮುತ್ತಯ್ಯ ಅವಳನ್ನೇ ನೋಡುತ್ತಿದ್ದ.

ಅವಳು ಕೂತಲ್ಲೇ ಹಿಂದುಮುಂದಾಗಿ ತಿರುಗಿ, ಹಿಂದಕ್ಕೊರಗಿ, ಮಗನ ಮೇಲೆ ಉದ್ದಕ್ಕೆ ಮಲಗಿದಳು. ತಲೆ ತೆಂಕಲಿಗೆ, ಮಗನ ತಲೆಯಿದ್ದ ಕಡೆಗೆ. ಬೆನ್ನಿಗೆ ನೆಲ ಕಾದ ಹೆಂಚಿನಂತಿತ್ತು. ಸುಡಲಿ ಎಂದುಕೊಂಡಳು. ಪ್ರೇಮಾ ಓಡಿ ಹೋಗಿ ತನ್ನ ಮೊಳದುದ್ದದ ಜಾಗದ ಸುತ್ತ, ಮಗ್ಗುಲಲ್ಲಿ ಕೂಸು ಹಾಕಿಕೊಂಡವಳ ಹಾಗೆ ಮುದುರಿಕೊಂಡಳು. ಮುತ್ತಯ್ಯ ಅವ್ವನಿಗೂ ಹೆಂಡತಿಗೂ ನಡುವೆ ಮಲಗಿ ಎರಡೂ ಕಡೆಗೆ ಕೈ ಚಾಚಿದ. ಒಬ್ಬೊಬ್ಬರೂ ಅವರವರ ಜಾಗ ಹುಡುಕಿಕೊಂಡರು. ಹೇಳಿಕೊಡುವವರು ಯಾರೂ ಬೇಕಾಗಲಿಲ್ಲ. ಚೆಲ್ಲಾಪಿಲ್ಲಿಯಾಗಿ ಅಂದಿದ್ದರೂ ಎಲ್ಲರ ತಲೆಯೂ ತೆಂಕಲಿಗೇ ಇತ್ತು.

ಸಿಂಧು ಕ್ಯಾಮೆರಾವನ್ನು ಮೇಲಕ್ಕೆ ಹಾರಿಸಿದಳು. ಪರದೆಯಲ್ಲಿ, ಬೆಳಿಗ್ಗೆ ಅವರು ಬಳಸಿ ಬಿಟ್ಟಿದ್ದ ಜಾಗಗಳೆಲ್ಲ ಈಗ ತುಂಬಿದ್ದವು. ಅಳಿಸು ಎಂದವರು ಎದುರಿಗೇ ನಿಂತಿದ್ದರೂ ಅವಳ ಬೆರಳು ಅಳಿಸುವ ಗುಂಡಿ ಒತ್ತಲಿಲ್ಲ.

ಆಳುಗಳು ಬುಟ್ಟಿಯಲ್ಲಿ ಮಣ್ಣು ತಂದು ಎಲ್ಲರ ಮೇಲೂ ಎರಚಿದರು. ದೊಡ್ಡಮಾದಮ್ಮನ ತುಟಿಗೆ ಮಣ್ಣು ಬಿತ್ತು. ಅವಳು ಉಗುಳಲಿಲ್ಲ.

"ಆಕ್ಷನ್!"

ಯಾರೂ ಏಳಲಿಲ್ಲ.

"ಆಕ್ಷನ್ ಅಂದೆ! ಕೇಳಿಸ್ತಾ ಇಲ್ವಾ? ಅಜ್ಜಾ, ಏಳಿ! ಅಮ್ಮಾ!"

ಗಾಳಿಗೆ ಹೊಂಗೆ ಎಲೆ ಅಲ್ಲಾಡಿತು. ಪಾಕಕ್ಕೆ ಕಟ್ಟಿರುವೆ ಹತ್ತಿ ಮುತ್ತಯ್ಯನ ಕತ್ತನ್ನು ಕಚ್ಚುತ್ತಿದ್ದವು. ಅವನು ಕದಲಲಿಲ್ಲ.

ಪುಟ್ಟಬಸಪ್ಪ ದಾಪುಗಾಲು ಹಾಕಿ ಬಂದು ದೊಡ್ಡಮಾದಮ್ಮನ ಪಕ್ಕೆಗೆ ಕಾಲಿನಿಂದ ತಿವಿದ. "ಏಳೇ! ಏನ್ ನಾಟ್ಕ ಆಡ್ತೀಯ? ಎಷ್ಟೊತ್ತು ಮನಿಕ್ಕತ್ಯ ಇಲ್ಲಿ?"

ಅವಳು ಕಣ್ಣು ಬಿಟ್ಟಳು. ಕಾಡಿಗೆಯ ಗುಳಿಯೊಳಗಿಂದ ಆ ಕಣ್ಣು ಅವನನ್ನು ನೆಟ್ಟಗೆ ನೋಡಿತು. ಬಾಯಿ ತೆರೆದಾಗ ಹುಟ್ಟಿದಾಗಿನಿಂದ ನಾಲಗೆಯ ತುದಿಯಲ್ಲಿದ್ದ ಒಡೆಯರನ್ನು ಕರೆಯುವ ಬುದ್ಧಿ ಎನ್ನುವ ಮಾತು ಬರಲಿಲ್ಲ.

"ಸೋಮ್ವಾರ ಗಂಟ, ಪುಟ್ಟಬಸಪ್ಪ," ಎಂದಳು. "ಗುರ್ತು ಬೇಕು ಅಂದ್ರಲ್ಲ ಸರ್ವೇರು. ಬಂದು ಅಳ್ತೆ ತಕಳ್ಳಿ."

ಪುಟ್ಟಬಸಪ್ಪ ಸುತ್ತ ನೋಡಿದ. ಬಯಲ ತುಂಬ ಬಿಳಿ ಮುಖಗಳು ಆಕಾಶ ನೋಡುತ್ತ ಮಲಗಿದ್ದವು. ಅವನು ಬೇಲಿಯ ಕಡೆ ತಿರುಗಿ, "ಲೇ, ಬುಡ್ಲಾ ಗಾಡಿಯ! ಅದೆಂಗ್ ಎದ್ದೋಗಲ್ವೋ ನೋಡ್ತೀನಿ!" ಎಂದು ಕಿರುಚಿದ.

ಜೆಸಿಬಿ ಗುಟುರು ಹಾಕಿ ಹೊಗೆ ಉಗುಳಿತು. ಅಲುಗುತ್ತ ಮುಂದೆ ಬಂತು. ಬೆನ್ನಿನಡಿಯ ನೆಲ ನಡುಗುವುದು ದೊಡ್ಡಮಾದಮ್ಮನಿಗೆ ತಿಳಿಯುತ್ತಿತ್ತು. ಅವಳು ಎರಡೂ ಅಂಗೈಯನ್ನು ಮಣ್ಣಿಗೆ ಊರಿ, ಗಲ್ಲವೆತ್ತಿ ನೋಡಿದಳು. ಹಲ್ಲುಗಳ ದೊಡ್ಡ ಬಕೆಟ್ಟು ಅವಳ ಮುಖದ ಮೇಲೆ ಬಂದು ನೆರಳು ಕೆಡವಿ ನಿಂತಿತು. ಮೇಲೆ ಗಾಜಿನ ಹಿಂದೆ ಕೂತ ಡ್ರೈವರು ಸನ್ನೆಗೋಲಿನ ಮೇಲೆ ಕೈಯಿಟ್ಟುಕೊಂಡು ಒಮ್ಮೆ ಪುಟ್ಟಬಸಪ್ಪನನ್ನೂ ಒಮ್ಮೆ ಕೆಳಗೆ ಮಲಗಿದವಳನ್ನೂ ನೋಡುತ್ತಿದ್ದ. ಅವನ ಕೈ ಇನ್ನೂ ಅಲ್ಲೇ ಇತ್ತು.